ಶುಕ್ರವಾರ ಹೊರಗೆ ಹೋಗದ ಲಕ್ಷ್ಮಿ

ಈ ಪ್ರವಚನದಲ್ಲಿ ದಾನದ ಮೇಲೆ ನಾಲ್ಕು ದಿನದಿಂದ ಹೇಳುತ್ತಿದ್ದೇನೆ. ನೀವೂ ಕೇಳುತ್ತಿದ್ದೀರಿ. ತಲೆ ಆಡಿಸುತ್ತೀರಿ, ಕೈ ಮುಗಿಯುತ್ತೀರಿ, ಪ್ರಸಾದ ಉಂಡು ಮನೆಗೆ ಹೋಗುತ್ತೀರಿ. ನಿನ್ನೆ ಒಬ್ಬ ಹಿರಿಯರು ಬಂದು, "ಅಜ್ಜಾರ, ದಾನದ ಮಾತು ಭಾಳ ಚಲೋ ಆತ್ರಿ, ಮನಸ್ಸು ತಣ್ಣಗಾತು" ಅಂದರು. ಅವರ ಮನಸ್ಸು ತಣ್ಣಗಾಯಿತು. ಇವತ್ತು ಬೆಳಿಗ್ಗೆಯಿಂದ ನನ್ನ ಮೈ ಉರಿಯುತ್ತಿದೆ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಇವತ್ತು ದಾನದ ಮಾತು ಬೇಡ. ದಾನಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಕೊಡಬೇಕಾದವರಿಗೆ ಕೊಡಬೇಕಾದ್ದನ್ನು ಕೊಡುವುದು. ಅದನ್ನು ಮಾಡದೆ ದಾನ ಮಾಡುತ್ತೇನೆ ಅಂತ ಹೊರಟವನು ಯಾರ ರೊಕ್ಕ ದಾನ ಮಾಡುತ್ತಿದ್ದಾನೆ? ಸ್ವಲ್ಪ ಯೋಚಿಸಿ. ಆ ಫೋನು ಯಾರದು? ಆರಿಸಿ, ಒಂದು ತಾಸು ನಿಮ್ಮ ಮನೆ ಮುಳುಗುವುದಿಲ್ಲ. ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದು ತಾಲೂಕಿನ ಊರು. ಅಲ್ಲಿ ಶ್ರೀಮಂತರು ಬೇಕಾದಷ್ಟು ಜನ ಇದ್ದರು. ಕಥೆ ಅವರದಲ್ಲ. ಶ್ರೀಮಂತರ ಕಥೆ ಕೇಳಿ ಕೇಳಿ ನಿಮಗೆ ಸಾಕಾಗಿದೆ, ಹೇಳಿ ಹೇಳಿ ನನಗೂ ಸಾಕಾಗಿದೆ. ಅದೇ ಊರಿನಲ್ಲಿ ಒಬ್ಬ ಪೆಂಡಾಲಿನವನು ಇದ್ದ. ಹೆಸರು ಹೇಳುವುದಿಲ್ಲ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನು ಯಾವ ಓಣಿಯವನು, ಯಾರ ಮಗ, ಯಾರ ಅಳಿಯ ಅಂತ ಹುಡುಕಲು ಕೂತುಬಿಡುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಮದುವೆ ಇರಲಿ, ಬಸುರಿಯ ಕುಬಸ ಇರಲಿ, ಮಗುವಿನ ಕೂದಲು ತೆಗೆಸುವ ಜವಳ ಇರಲಿ, ಸತ್ತವರ ದಿನಕರ್ಮ ಇರಲಿ, ಊರಿನವರಿಗೆ ಅವನು ಬೇಕು. ಶಾಮಿಯಾನ ಅವನದು, ಕುರ್ಚಿ ಅವನದು, ಜಮಖಾನೆ ಅವನದು, ಹುಗ್ಗಿ ಮಾಡುವ ಹಂಡೆ ಅವನದು. ಇಪ್ಪತ್ತೆರಡು ವರ್ಷದ ಹಿಂದೆ ನಲವತ್ತು ಕುರ್ಚಿಯಿಂದ ಶುರು ಮಾಡಿದ, ಈಗ ಎಂಟುನೂರು ಕುರ್ಚಿ. ಊರಿಗೆಲ್ಲ ನೆರಳು ಹಾಕುತ್ತಿದ್ದ. ಅವನ ಸ್ವಂತ ತಲೆಯ ಮೇಲೆ ಏನಿತ್ತು ಗೊತ್ತೇ? ಬಾಡಿಗೆ ಮನೆಯ ತಗಡು. ಬೇಸಿಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಹೆಂಡತಿ ಪಾತ್ರೆ ಇಡುತ್ತಾಳೆ, ತುಂಬುತ್ತದೆ, ಚೆಲ್ಲುತ್ತಾಳೆ, ಮತ್ತೆ ಇಡುತ್ತಾಳೆ.

ಆ ಹೆಂಡತಿಯ ವಿಷಯ ಕೇಳಿ. ಆಕೆ ಜೋಳದ ರೊಟ್ಟಿ ಬಡಿದು ಮಾರುವವಳು. ಗಂಡ ಪೆಂಡಾಲು ಹಾಕಿದ ಮದುವೆಗೆ ರೊಟ್ಟಿ ಈಕೆಯದು. ಹದಿಮೂರು ವರ್ಷ ರೊಟ್ಟಿ ಬಡಿದು ಆಕೆ ಬ್ಯಾಂಕಿನಲ್ಲಿ ಮೂರು ಲಕ್ಷ ಅರವತ್ತು ಸಾವಿರ ಠೇವಣಿ ಇಟ್ಟಿದ್ದಳು. ಯಾತಕ್ಕೆ? ಊರಾಚೆ ಒಂದು ಸಣ್ಣ ಜಾಗ ನೋಡಿದ್ದಳು. ಎರಡು ಕೋಣೆ, ಒಂದು ಅಡಿಗೆಮನೆ, ಮೇಲೆ ಸೋರದ ಒಂದು ಛಾವಣಿ. ಆಕೆಗೆ ಬೇರೆ ಆಸೆಯೇ ಇರಲಿಲ್ಲ.

ಹಾಗಿದ್ದರೆ ಯಾಕೆ ಕಟ್ಟಿಸಲಿಲ್ಲ ಅನ್ನುತ್ತೀರಿ. ಅಲ್ಲೇ ಇರುವುದು ವಿಷಯ. ಸೀಜನ್ ಬಂತು ಅಂದರೆ ಪೆಂಡಾಲಿನವನಿಗೆ ದಿನಾ ಕೈಯಲ್ಲಿ ರೊಕ್ಕ ಬೇಕು. ಗಳ ಕಟ್ಟುವ ಆಳುಗಳಿಗೆ ಸಂಜೆಗೆ ಕೂಲಿ ಕೊಡಬೇಕು. ಟೆಂಪೋದವನಿಗೆ ಕೊಡಬೇಕು. ಹರಿದ ಬಟ್ಟೆ ಹೊಲಿಸಬೇಕು. ಕೂಲಿಯವನು 'ಮುಂದಿನ ತಿಂಗಳು ಕೊಡಪ್ಪ' ಅನ್ನುವುದಿಲ್ಲ, ಅವನ ಮನೆಯ ಒಲೆ ಇವತ್ತೇ ಹತ್ತಬೇಕು. ಆದರೆ ಪೆಂಡಾಲು ಹಾಕಿಸಿಕೊಂಡವರು? ಅವರು ಮುಂದಿನ ತಿಂಗಳು ಅನ್ನುತ್ತಾರೆ. ಮುಂದಿನ ತಿಂಗಳು ಬಂದಾಗ ಸುಗ್ಗಿ ಆಗಲಿ ಅನ್ನುತ್ತಾರೆ. ಸುಗ್ಗಿ ಆದಾಗ ರೇಟು ಬರಲಿ ಅನ್ನುತ್ತಾರೆ. ಈ ನಡುವಿನ ಕಂದಕ ತುಂಬಲು ಅವನು ಬ್ಯಾಂಕಿನಲ್ಲಿ ಓ.ಡಿ. ಮಾಡಿಸಿದ.

ಓ.ಡಿ. ಅಂದರೆ ಏನು, ಹಿಂದೆ ಕುಳಿತ ತಾಯಂದಿರಿಗೆ ಹೇಳುತ್ತೇನೆ. ನಿಮ್ಮ ಖಾತೆಯಲ್ಲಿ ಒಂದು ರೂಪಾಯಿ ಇಲ್ಲದಿದ್ದರೂ ಇಷ್ಟರವರೆಗೆ ತೆಗೆಯಬಹುದು ಅಂತ ಬ್ಯಾಂಕಿನವರು ಒಂದು ಮಿತಿ ಹಾಕಿಕೊಡುತ್ತಾರೆ. ತೆಗೆದದ್ದಕ್ಕೆ ದಿನದ ಲೆಕ್ಕದಲ್ಲಿ ಬಡ್ಡಿ. ಅವನಿಗೆ ಮೂರು ಲಕ್ಷದ ಮಿತಿ ಕೊಟ್ಟರು. ಸುಮ್ಮನೆ ಕೊಟ್ಟರೇ? ಹೆಂಡತಿಯ ಠೇವಣಿಯನ್ನು ಒತ್ತೆ ಇಟ್ಟುಕೊಂಡು ಕೊಟ್ಟರು. ಅಂದರೆ ತಮ್ಮ ಮನೆಯ ರೊಕ್ಕವನ್ನೇ ಗಂಡಹೆಂಡತಿ ಬ್ಯಾಂಕಿನಿಂದ ಸಾಲ ತಂದರು, ತಮ್ಮ ರೊಕ್ಕಕ್ಕೆ ತಾವೇ ಬಡ್ಡಿ ಕಟ್ಟಿದರು. ನಗಬೇಡಿ. ನಗುವ ಮಾತಲ್ಲ ಅದು.

ಹೀಗೆ ಆರು ವರ್ಷ ನಡೆಯಿತು. ಈ ಶ್ರಾವಣದ ಮೊದಲ ವಾರ ಬ್ಯಾಂಕಿನಿಂದ ಒಂದು ಕಾಗದ ಬಂತು. ಬಡ್ಡಿ ಹೆಚ್ಚಾಗಿದೆ. ವರ್ಷ ವರ್ಷ ಓ.ಡಿ. ಹೊಸದು ಮಾಡಿಸುವ ಶುಲ್ಕ ಎಂಟುನೂರು ಇದ್ದದ್ದು ಮೂರೂವರೆ ಸಾವಿರ ಆಗಿದೆ, ಮೇಲೆ ತೆರಿಗೆ. ಮಿತಿ ದಾಟಿದರೆ ಪ್ರತಿ ಸಲ ಆರುನೂರು. ಮಿತಿಯಲ್ಲಿ ತೆಗೆಯದೆ ಬಿಟ್ಟ ರೊಕ್ಕಕ್ಕೂ ಒಂದಿಷ್ಟು ಶುಲ್ಕ. ಕೇಳಿದಿರಾ? ತೆಗೆದರೆ ಬಡ್ಡಿ, ತೆಗೆಯದಿದ್ದರೆ ದಂಡ. ಬೇಕಾದರೆ ತಿಂಗಳ ಕೊನೆಯೊಳಗೆ ಬಂದು ಸಹಿ ಮಾಡಿ, ಬೇಡವಾದರೆ ತೆಗೆದದ್ದನ್ನು ಕಟ್ಟಿ ಮುಚ್ಚಿಬಿಡಿ ಅಂತ ಕೊನೆಯಲ್ಲಿ ಬರೆದಿತ್ತು.

ಕಾಗದ ಹಿಡಿದು ಅವನು ಬ್ಯಾಂಕಿಗೆ ಹೋದ. ಅಲ್ಲಿ ಒಬ್ಬ ಮೇಡಂ ಇದ್ದಳು, ಇದೇ ಕಡೆಯ ಹೆಣ್ಣುಮಗಳು. ಕೂರಿಸಿ, ಲೆಕ್ಕ ಮಾಡಿ ತೋರಿಸಿದಳು.

"ಎಲ್ಲಾ ಕೂಡಿ ವರ್ಷಕ್ಕ ನಲವತ್ತು ಸಾವಿರದ ಹತ್ರ ಹೋಗ್ತೈತಿ ನೋಡ್ರಿ. ಇದು ಮ್ಯಾಲಿಂದ ಬಂದಿದ್ದು, ನನ್ನ ಕೈಯಾಗ ಏನಿಲ್ಲ. ಒಂದು ಕೇಳ್ಲ್ಯಾ? ನಿಮಗ ಊರಾಗಿಂದ ಬರಬೇಕಾದ್ದು ಎಷ್ಟೈತ್ರಿ?"

ಅವನು ಕಿಸೆಯಿಂದ ಸಣ್ಣ ಪಾಕೆಟ್ ಬುಕ್ ತೆಗೆದು ನೋಡಿದ. ನೋಡುವುದು ಬೇಕಾಗಿರಲಿಲ್ಲ, ಅವನಿಗೆ ಬಾಯಿಪಾಠ ಇತ್ತು. "ಎರಡು ಲಕ್ಷ ತೊಂಬತ್ತು ಸಾವಿರ ಚಿಲ್ಲರೆ ಐತ್ರಿ."

"ಓ.ಡಿ.ಯಾಗ ತೆಗದಿದ್ದು ಎರಡು ಲಕ್ಷ ಎಂಬತ್ತು. ಬರೂದು ಬಂದ್ರ ನಿಮಗ ಈ ಓ.ಡಿ. ಯಾಕ ಬೇಕ್ರಿ? ಕೇಳ್ರೆಲ್ಲ ಅವರನ್ನ."

ಅವನು ಕಾಗದ ಮಡಚುತ್ತ ಕೂತ. ಇಪ್ಪತ್ತೆರಡು ವರ್ಷದಲ್ಲಿ ಅವನು ಯಾರ ಮನೆಯ ಬಾಗಿಲಲ್ಲೂ ನಿಂತು ರೊಕ್ಕ ಕೇಳಿದವನಲ್ಲ. ಕೊಟ್ಟಾಗ ತೆಗೆದುಕೊಂಡವನು. ಊರೆಲ್ಲ ಅವನನ್ನು ಹೊಗಳುತ್ತಿತ್ತು. "ಬಂಗಾರದಂಥಾ ಮನಷ್ಯಾ, ಒಂದಿನ ರೊಕ್ಕ ಅಂತ ಬಾಯಿ ಬಿಟ್ಟಾಂವ ಅಲ್ಲ." ಆ ಹೊಗಳಿಕೆ ಅವನಿಗೆ ಹಿಡಿಸಿಬಿಟ್ಟಿತ್ತು ನೋಡಿ. ಅದು ಅವನ ತಪ್ಪು. ನಾನು ಮುಚ್ಚಿಡುವುದಿಲ್ಲ, ತಪ್ಪು ಅವನದೂ ಇತ್ತು. ಆ ಒಳ್ಳೆಯ ಹೆಸರಿನ ಬಡ್ಡಿಯನ್ನು ಹೆಂಡತಿ ರೊಟ್ಟಿ ಬಡಿದು ಕಟ್ಟುತ್ತಿದ್ದಳು.

ಮನೆಗೆ ಬಂದು ಲೆಕ್ಕ ಹೇಳಿದ. ಹೆಂಡತಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಮನಸ್ಸಿನಲ್ಲೇ ಎಣಿಸಿದಳು.

"ರೊಟ್ಟಿಗೆ ಎಂಟು ರೂಪಾಯಿ. ಐದು ಸಾವಿರ ರೊಟ್ಟಿ ಆದವು. ವರ್ಷಕ್ಕ ಐದು ಸಾವಿರ ರೊಟ್ಟಿ ಬ್ಯಾಂಕಿನವರ ಸಲುವಾಗಿ ಬಡೀಬೇಕೇನ್ರಿ ನಾನು?"

"ಮುಚ್ಚಿದ್ರ ಸೀಜನ್ನಿಗೆ ಏನ್ ಮಾಡೂದು?"

"ಬರಬೇಕಾದ್ದು ಕೇಳ್ರಿ."

"ಶ್ರಾವಣದಾಗ ಹೆಂಗ್ ಕೇಳೂದು? ಯಾರ ಮನ್ಯಾಗ ನೋಡಿದ್ರೂ ಪೂಜಾ, ವ್ರತ."

ಆಕೆ ಎದ್ದು ಕೈ ಒರೆಸಿಕೊಂಡು ಗೋಡೆಯ ಕ್ಯಾಲೆಂಡರ್ ತೆಗೆದು ಅವನ ಮುಂದೆ ಹಾಕಿದಳು, ಪೆನ್ನು ಕೊಟ್ಟಳು. "ಯಾವ ದಿನ ಕೇಳಬಾರದು, ಅಷ್ಟು ಹೊಡದುಹಾಕ್ರಿ. ಉಳದ ದಿನ ಕೇಳ್ರಿ."

ಅವನು ಹೊಡೆಯುತ್ತ ಹೋದ. ಸೋಮವಾರ ಶಿವನ ದಿನ, ಹೊಡೆದ. ಮಂಗಳವಾರ ಗೌರಿಯ ದಿನ, ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು, ಹೊಡೆದ. ಶುಕ್ರವಾರ ಅಂತೂ ಕೇಳುವಂತೆಯೇ ಇಲ್ಲ, ಹೊಡೆದ. ಶನಿವಾರ ಹಣಮಪ್ಪನ ವಾರ. ಪಂಚಮಿಗೆ ಎರಡು ದಿನ. ಹುಣ್ಣಿಮೆ, ಅಮಾವಾಸ್ಯೆ. ಉಳಿದದ್ದು ಎಂಟೋ ಒಂಬತ್ತೋ ದಿನ. ಆ ದಿನವಾದರೂ ಪೂರ್ತಿ ಇದೆಯೇ? ಬೆಳಿಗ್ಗೆ ಅಂಗಡಿಯಲ್ಲಿ ಬೋಣಿ ಆಗುವವರೆಗೆ ಕೇಳಬಾರದು. ಸಂಜೆ ದೀಪ ಹಚ್ಚಿದ ಮೇಲೆ ಕೇಳಬಾರದು. ಮಧ್ಯಾಹ್ನ ಉಂಡು ಮಲಗಿದವರನ್ನು ಎಬ್ಬಿಸಬಾರದು.

ಹೆಂಡತಿ ಆ ಕ್ಯಾಲೆಂಡರ್ ನೋಡಿದಳು. "ಬ್ಯಾಂಕಿನವರ ಬಡ್ಡಿ ಮಂಗಳವಾರ ನಿಂದರತೈತೇನ್ರಿ? ಶುಕ್ರವಾರ ಬಿಡ್ತಾರೇನು?" ಅಂದಳು. ಅವನು ಪೆನ್ನು ಕೆಳಗಿಟ್ಟ. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ? ಇದ್ದರೆ ಹೇಳಿ, ನಾನು ಇಲ್ಲೇ ನಿಲ್ಲಿಸುತ್ತೇನೆ.

ಇಲ್ಲ ತಾನೇ. ಮುಂದೆ ಕೇಳಿ.

ಒಂದು ಗುರುವಾರ ಬೆಳಿಗ್ಗೆ ಅವನು ಗಟ್ಟಿ ಮನಸ್ಸು ಮಾಡಿ ಕಾಳಿನ ದಲಾಲಿ ಅಂಗಡಿಯ ಸಾಹುಕಾರರ ಹತ್ತಿರ ಹೋದ. ಅವರ ಮಗಳ ಮದುವೆಯ ಪೆಂಡಾಲಿನ ಬಾಕಿ ಎಪ್ಪತ್ತೆಂಟು ಸಾವಿರ. ಮದುವೆ ಆದದ್ದು ಮಾಘದಲ್ಲಿ. ದಾರಿಯುದ್ದಕ್ಕೂ ಹೇಗೆ ಕೇಳಬೇಕು ಅಂತ ಬಾಯಿಯಲ್ಲೇ ಹೇಳಿಕೊಂಡು ಬಂದಿದ್ದ. ಅಂಗಡಿಯ ಮೆಟ್ಟಿಲು ಹತ್ತಿ ಕೈ ಮುಗಿದು ನಿಂತ. ತನಗೆ ಬರಬೇಕಾದ್ದು ಕೇಳಲು ಬಂದವನು ಕೈ ಮುಗಿದು ನಿಲ್ಲುತ್ತಾನೆ, ಕೊಡಬೇಕಾದವರು ಗಾದಿಯ ಮೇಲೆ ಲೋಡಿಗೆ ಒರಗಿಕೊಂಡು ಕೂತಿರುತ್ತಾರೆ. ಇದು ಯಾವ ನ್ಯಾಯ?

"ಸಾಹುಕಾರ್ರ, ಒಂದೀಟು ರೊಕ್ಕದ ಅಡಚಣಿ ಆಗೈತ್ರಿ."

"ಏ ತಮ್ಮಾ, ಇನ್ನೂ ಬೋಣಿ ಆಗಿಲ್ಲ. ಅಂಗಡಿ ಬಾಗಲಾ ತೆಗದ ಕೂಡಲೇ ರೊಕ್ಕ ಕೇಳಬಾರದಪಾ. ಸಂಜೀಕ ಬಾ. ಚಾ ಕುಡದು ಹೋಗು."

ಚಹಾ ಕುಡಿಸಿದರು. ಒಳ್ಳೆಯವರು. ಸಂಜೆ ಹೋದ. ಅಷ್ಟರಲ್ಲಿ ಅಂಗಡಿಯಲ್ಲಿ ದೀಪ ಹಚ್ಚಿ ಊದಿನಕಡ್ಡಿ ಬೆಳಗಿದ್ದರು. "ದೀಪ ಹಚ್ಚಿದ ಮ್ಯಾಲ ಲಕ್ಷ್ಮೀನ ಹೊರಗ ಕಳಸೂದಿಲ್ಲ, ನಿನಗ ಗೊತ್ತಿಲ್ಲೇನೋ? ನಾಳಿ ಬಾ."

ನಾಳೆ ಬಾ ಅಂದವರು ಅವರು. ಮರುದಿನ ಹೋದ. ಸಾಹುಕಾರರು ಅವನ ಮುಖ ನೋಡಿ ಹಣೆ ಚಚ್ಚಿಕೊಂಡರು.

"ಶ್ರಾವಣ ಶುಕ್ರವಾರ ರೊಕ್ಕ ಕೇಳಾಕ ಬಂದೀಯಲ್ಲೋ. ಬುದ್ಧಿ ಬ್ಯಾಡೇನು ನಿನಗ?"

"ನೀವ ನಾಳಿ ಬಾ ಅಂದಿದ್ರಿ."

"ನಾ ಅಂದ್ರ ಆತೇನು? ಬರೂವಾಗ ವಾರ ನೋಡಿ ಬರಬೇಕು ನೀನು."

ಅದೇ ಹೊತ್ತಿಗೆ ಬೆಳ್ಳಿ ಅಂಗಡಿಯವನು ಬಂದ. ಸಾಹುಕಾರರ ಮನೆಯ ಲಕ್ಷ್ಮಿ ಪೂಜೆಗೆ ಬೆಳ್ಳಿಯ ಸಮೆ ತಂದಿದ್ದ, ಇಷ್ಟುದ್ದದ ದೀಪದ ಕಂಬ. ಸಾಹುಕಾರರು ತಿರುಗಿಸಿ ನೋಡಿ ಮೆಚ್ಚಿದರು, ಫೋನು ತೆಗೆದರು, ನಾಲ್ಕು ಸಲ ಒತ್ತಿದರು. ಅರವತ್ತೆರಡು ಸಾವಿರ ಹೋಯಿತು. ಶುಕ್ರವಾರವೇ ಹೋಯಿತು. ಪೆಂಡಾಲಿನವನು ಬಾಯಿ ತೆರೆದು ನೋಡುತ್ತ ನಿಂತಿದ್ದ. ಸಾಹುಕಾರರಿಗೆ ಅವನ ನೋಟ ಗೊತ್ತಾಯಿತು.

"ಇದು ಬ್ಯಾರೆಪಾ. ಇದು ಲಕ್ಷ್ಮೀಗೇ ತರೂದು. ನಿನಗ ಕೊಡೂದು ಅಂದ್ರ ಲಕ್ಷ್ಮಿ ಹೊರಗ ಹೋದಂಗ."

ಕೇಳಿದಿರಾ ಶಾಸ್ತ್ರ? ಯಾವ ಗ್ರಂಥದಲ್ಲಿ ಬರೆದಿದೆ ಇದು? ನಾನು ಮೂವತ್ತು ವರ್ಷದಿಂದ ಓದುತ್ತಿದ್ದೇನೆ, ನನಗೆ ಸಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಇಟ್ಟುಕೊಂಡಿರುವುದು ಅವನ ಲಕ್ಷ್ಮಿ. ಅವನ ಮನೆಗೆ ಹೋಗಬೇಕಾದವಳನ್ನು ಒಳಗೆ ಕೂಡಿಹಾಕಿ, ಬಾಗಿಲು ಹಾಕಿ, ಮುಂದೆ ಕೂತು ಕುಂಕುಮಾರ್ಚನೆ ಮಾಡಿದರೆ ಅದು ಪೂಜೆಯೇ? ನೀವೇ ಹೇಳಿ, ಅದು ಪೂಜೆಯೇ?

ಅಲ್ಲಿಂದ ಅವನು ನಿವೃತ್ತ ಹೆಡ್‌ಮಾಸ್ತರರ ಮನೆಗೆ ಹೋದ. ಅವರ ತಾಯಿಯ ದಿನಕರ್ಮದ ಬಾಕಿ ಮೂವತ್ತೊಂದು ಸಾವಿರ. ಅವರು ಕಣ್ಣಲ್ಲಿ ನೀರು ತಂದುಕೊಂಡರು. "ನಮ್ಮವ್ವ ಹೋಗಿ ಇನ್ನೂ ವರ್ಷ ಆಗಿಲ್ಲ. ಸತ್ತವರ ಮನ್ಯಾಗ ಬಾಕಿ ಕೇಳ್ತೀಯಲ್ಲೋ, ವರ್ಷದ್ದರ ಆಗಲಿ." ಅವನು ಕೈ ಮುಗಿದು, ತಪ್ಪಾತ್ರಿ ಅಂತ ಹೇಳಿ ಹೊರಬಿದ್ದ. ಕೇಳಿದವನು ತಪ್ಪಾಯಿತು ಅಂದ. ತಿಂಗಳಿಗೆ ನಲವತ್ತು ಸಾವಿರ ಪೆನ್ಷನ್ ಬರುವವರು ಕಣ್ಣೀರು ಒರೆಸಿಕೊಂಡು ಒಳಗೆ ಹೋದರು. ಆ ತಾಯಿ ಇದ್ದಿದ್ದರೆ, 'ಮದಲ ಅವನ ರೊಕ್ಕಾ ಕೊಟ್ಟು ಕಳಸೋ' ಅಂತ ಮಗನ ಕಿವಿ ಹಿಂಡುತ್ತಿದ್ದಳು. ನನಗೆ ಅನುಮಾನವೇ ಇಲ್ಲ.

ಇನ್ನು ವಾರ ನೋಡುತ್ತ ಕೂತರೆ ಆಗದು ಅಂತ ಉಳಿದ ಸಣ್ಣ ಪುಟ್ಟ ಮನೆಗಳಿಗೂ ಹೋದ. ಒಬ್ಬಳೇ ಒಬ್ಬಳು, ಹೂವು ಮಾರುವ ಮುದುಕಿ, ಮೊಮ್ಮಗನ ಜವಳದ ಬಾಕಿ ಹದಿನೆಂಟುನೂರನ್ನು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅವತ್ತು ಮಂಗಳವಾರ. ಅವನಿಗೇ ಮನಸ್ಸು ತಡೆಯದೆ, "ಇವತ್ತ ಮಂಗಳವಾರ ಐತಿ ಆಯಿ" ಅಂದ. "ಇರಲಿ ತಗೋಪಾ. ನಾ ಮಂಗಳವಾರ ಉಣ್ಣೂದ ಬಿಟ್ಟೇನೇನು, ನೀ ಬಿಟ್ಟೀಯೇನು?" ಅಂದಳು. ಆಕೆ ಯಾವ ಪ್ರವಚನಕ್ಕೂ ಬಂದವಳಲ್ಲ. ಸಂಜೆ ಹೊತ್ತು ಹೂವು ಕಟ್ಟುವುದಿರುತ್ತದೆ, ಪಾಪ, ಪುರುಸೊತ್ತಿಲ್ಲ.

ಆ ಪಾಕೆಟ್ ಬುಕ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಬಾಕಿ ಒಂದಿತ್ತು. ತೊಂಬತ್ತೆರಡು ಸಾವಿರ. ಹೆಂಡತಿ ಅದರ ಮೇಲೆ ಬೆರಳಿಟ್ಟು, "ಇಲ್ಲಿ ಯಾಕ ಹೋಗಿಲ್ಲ?" ಅಂತ ಕೇಳಿದಳು. ಅವನು ಮುಖ ತಿರುವಿದ. "ಅಲ್ಲಿ ಬ್ಯಾಡ. ಹ್ವಾದ ವರ್ಷ ಒಮ್ಮೆ ಬಿಲ್ಲು ಕೊಟ್ಟಿದ್ದೆ. ಸೇವಾ ಅಂತ ತಿಳಕೋ ಅಂದ್ರು." ಅದು ಯಾವ ಬಾಕಿ ಅಂತ ಈಗ ಕೇಳಬೇಡಿ. ಹೇಳುತ್ತೇನೆ.

ಮೊನ್ನೆ ಬುಧವಾರ ಗಂಡಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋದರು. ಅವನು ಓ.ಡಿ. ಇಟ್ಟುಕೊಳ್ಳಲು ಸಹಿ ಮಾಡುವುದೇ ಸರಿ ಅಂತ ತೀರ್ಮಾನಿಸಿದ್ದ. ನಲವತ್ತು ಸಾವಿರ ಹೋದರೆ ಹೋಗಲಿ, ಸೀಜನ್ ದಾಟಿದರೆ ಸಾಕು. ಇನ್ನೂ ಒಂದು ವರ್ಷ ತಗಡಿನ ಕೆಳಗೆ ಇದ್ದರಾಯಿತು. ಮೇಡಂ ಅರ್ಜಿ ಮುಂದಿಟ್ಟಳು. ಠೇವಣಿ ಹೆಂಡತಿಯ ಹೆಸರಿನದು, ಆಕೆಯ ಸಹಿಯೂ ಬೇಕು. ಆಕೆ ಪೆನ್ನು ಹಿಡಿಯಲಿಲ್ಲ.

"ಮೇಡಂ, ನನ್ನ ಠೇವಣಿ ಮುರದು ಇವರ ಓ.ಡಿ. ಮುಚ್ಚಿಬಿಡ್ರಿ."

ಅವನು ಆಕೆಯ ಕಡೆ ತಿರುಗಿದ. "ಹದಿಮೂರು ವರ್ಷದ ರೊಕ್ಕ ಅದು. ಮನಿ ಕಟ್ಟೂದು ನಿಂದು. ತಲಿ ಕೆಟ್ಟೈತೇನು ನಿನಗ?"

"ಹೌದು, ಕೆಟ್ಟೈತಿ. ಊರಾನ ಮಂದಿ ಮನಿ ಲಕ್ಷ್ಮಿ ಹೊರಗ ಹೋಗೂದಿಲ್ಲಂತ. ನಂದರೆ ಹೋಗಲಿ ಬಿಡ್ರಿ. ವರ್ಷಾ ಐದು ಸಾವಿರ ರೊಟ್ಟಿ ಅವರ ಸಲುವಾಗಿ ನಾ ಬಡಿಯಾಂಗಿಲ್ಲ. ನನ್ನ ಕೈ ರಟ್ಟಿ ಸೋತಾವ."

ಸಿಟ್ಟಿನಲ್ಲಿ ಹೇಳಿದಳು, ಹೇಳುವಾಗ ಅತ್ತಳು, ಅಳುತ್ತಲೇ ಠೇವಣಿ ಮುರಿಯುವ ಕಾಗದಕ್ಕೆ ಸಹಿ ಮಾಡಿದಳು. ಓ.ಡಿ.ಗೆ ಹೋಗಿ ಉಳಿಯುವುದು ಎಂಬತ್ತು ಸಾವಿರ. ಅವಧಿಗೆ ಮುಂಚೆ ಮುರಿದದ್ದಕ್ಕೆ ಅದರಲ್ಲೂ ಒಂದಿಷ್ಟು ಕಡಿತ. ಆ ದುಡ್ಡಿನಲ್ಲಿ ಛಾವಣಿ ಬರುವುದಿಲ್ಲ, ತಗಡು ಬದಲಿಸಬಹುದು. ಅವನು ಗಂಡಸು, ಬ್ಯಾಂಕಿನಲ್ಲಿ ಎಲ್ಲರ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಮೇಡಂ ಆ ಕಾಗದವನ್ನು ಮೇಜಿನ ಖಾನೆಯಲ್ಲಿ ಇಟ್ಟಳು. "ಕಡೀ ದಿನ ಸೋಮವಾರ ಐತ್ರಿ. ಸೋಮವಾರ ಹನ್ನೆರಡು ಗಂಟೆತನಕ ಇದನ್ನ ಇಲ್ಲೇ ಇಟ್ಟಿರ್ತೀನಿ. ಅಷ್ಟರೊಳಗ ರೊಕ್ಕ ತಂದು ಕಟ್ಟಿದ್ರ ನಿಮ್ಮ ಠೇವಣಿ ಉಳೀತೈತಿ, ಹರದುಹಾಕ್ತೀನಿ."

ಕಥೆ ಇಲ್ಲಿಗೆ ನಿಂತಿದೆ. ಮುಗಿದಿಲ್ಲ, ನಿಂತಿದೆ. ಸೋಮವಾರ ಇನ್ನೂ ಬಂದಿಲ್ಲ.

ಈಗ ಗುಸುಗುಸು ಶುರುವಾಯಿತು. ಆಗಲಿ. ಊರು ಯಾವುದು ಅಂತ ನಿಮಗೆ ಗೊತ್ತಾಗಿದೆ. ಮೇಲೆ ನೋಡಿ ಒಮ್ಮೆ. ಈ ಶಾಮಿಯಾನ ಯಾರದು? ಕೆಳಗೆ ನೋಡಿ. ಹನ್ನೆರಡು ದಿನದಿಂದ ನೀವು ಚಕ್ಕಳಮಕ್ಕಳ ಹಾಕಿ ಕೂತು ಪ್ರವಚನ ಕೇಳಿದ ಈ ಜಮಖಾನೆ ಯಾರದು? ನಾನು ಕೂತಿರುವ ಈ ಕುರ್ಚಿ ಯಾರದು? ತೊಂಬತ್ತೆರಡು ಸಾವಿರದ ಬಾಕಿ ಯಾರದು ಅಂತ ಕೇಳಿದಿರಲ್ಲ, ಈ ಮಠದ್ದು. ಹೋದ ವರ್ಷದ ಶ್ರಾವಣ ಪ್ರವಚನದ್ದು. ಈ ವರ್ಷದ್ದನ್ನು ಇನ್ನೂ ಯಾರೂ ಬರೆದೇ ಇಲ್ಲ. ಸಮಿತಿಯವರು ಅವನಿಗೆ ಸೇವೆ ಅಂತ ತಿಳಿದುಕೋ ಅಂದರಂತೆ. ಸೇವೆ ಅನ್ನುವುದನ್ನು ಕೊಡುವವನು ಹೇಳಬೇಕು. ತೆಗೆದುಕೊಂಡವನು ಹೇಳಿದರೆ ಅದಕ್ಕೆ ಬೇರೆ ಹೆಸರಿದೆ, ಮಠದಲ್ಲಿ ಕೂತು ಆ ಮಾತು ನಾನು ಆಡುವುದಿಲ್ಲ.

ನಾನೇನು ಸಾಚಾ ಅಲ್ಲ. ಹನ್ನೆರಡು ದಿನ ಅವನ ನೆರಳಿನಲ್ಲಿ ಕೂತೆ, ಯಾರ ನೆರಳು, ಕೊಟ್ಟಿದ್ದೀರಾ ಅಂತ ಒಂದು ಮಾತು ಕೇಳಲಿಲ್ಲ. ಇವತ್ತು ಬೆಳಿಗ್ಗೆ ದಾಸೋಹದ ಅಡಿಗೆಮನೆಗೆ ಹೋಗಿದ್ದೆ. ಅವನ ಹೆಂಡತಿ, ಆ ತಾಯಿ, ಅಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಕೆಂಪಗಿತ್ತು. ಹೊಗೆಯೇನವ್ವಾ ಅಂದೆ. "ಹೊಗಿ ಅಲ್ರಿ ಅಜ್ಜಾರ. ನಾಕ ದಿನದಿಂದ ನೀವು ದಾನ ಮಾಡ್ರಿ ದಾನ ಮಾಡ್ರಿ ಅಂತ ಹೇಳಾಕತ್ತೀರಿ. ನಮಗ ಯಾರ ದಾನಾನೂ ಬ್ಯಾಡ್ರಿ. ನಮ್ದು ನಮಗ ಬಂದ್ರ ಸಾಕು" ಅಂದಳು. ನಾಲ್ಕು ದಿನದ ನನ್ನ ಪ್ರವಚನ ಅಲ್ಲೇ ಒಲೆಗೆ ಬಿತ್ತು. ಕೇಳಿ ಕೇಳಿ ಎಲ್ಲ ಹೇಳಿಸಿಕೊಂಡೆ. ಜನರ ಮುಂದೆ ಹೇಳಲೇ ಅಂದಾಗ, "ಹೆಸರ ಹೇಳಬ್ಯಾಡ್ರಿ, ಲೆಕ್ಕ ಹೇಳ್ರಿ" ಅಂದಳು. ಲೆಕ್ಕ ಹೇಳಿದ್ದೇನೆ.

ಬ್ಯಾಂಕಿನವರನ್ನು ಬಯ್ಯಬೇಕು ಅಂತ ನಿಮಗೆ ಆಸೆ ಇರಬಹುದು. ಬಯ್ಯೋಣ. ತೆಗೆಯದ ರೊಕ್ಕಕ್ಕೂ ಶುಲ್ಕ ಕೇಳುವವರನ್ನು ಬಯ್ಯದೆ ಇನ್ನಾರನ್ನು ಬಯ್ಯುವುದು? ಆದರೆ ಒಂದು ನೋಡಿ. ಬ್ಯಾಂಕಿನವರು ಕಾಗದ ಬರೆದರು, ಲೆಕ್ಕ ತೋರಿಸಿದರು, ಬೇಡವಾದರೆ ಮುಚ್ಚು ಅಂದರು. ನೀವು? ನೀವು ಅವನ ಹತ್ತಿರ ಸಾಲ ತೆಗೆದಿರಿ, ಮಿತಿ ಇಲ್ಲ, ಬಡ್ಡಿ ಇಲ್ಲ, ಅವಧಿ ಇಲ್ಲ, ಕೇಳಲು ಬಂದರೆ ಅವನಿಗೇ ಬೈಗುಳ. ಈ ಊರಿನ ದೊಡ್ಡ ಮಂದಿಗೆಲ್ಲ ಓ.ಡಿ. ಕೊಡುತ್ತಿದ್ದ ಬ್ಯಾಂಕು ಆ ತಾಯಿಯ ರೊಟ್ಟಿಯ ಹಂಚು. ನಾಚಿಕೆ ಆಗಬೇಕು ನಮಗೆ.

ಇವತ್ತು ಯಾವ ವಾರ? ಹೇಳಿ, ಗಟ್ಟಿಯಾಗಿ ಹೇಳಿ. ಹೌದು, ಶುಕ್ರವಾರ. ದೀಪ ಹಚ್ಚಿ ಒಂದು ತಾಸಾಯಿತು. ಶ್ರಾವಣ. ಎಲ್ಲ ಕೂಡಿ ಬಂದಿದೆ. ಪ್ರವಚನ ಮುಗಿಯುವ ಮಂಗಲದ ದಿನ ನನಗೆ ನಾಣ್ಯದಲ್ಲಿ ತುಲಾಭಾರ ಮಾಡಬೇಕು ಅಂತ ಸಮಿತಿಯವರು ಒಂದು ಲಕ್ಷ ಕೂಡಿಸಿ ಇಟ್ಟಿದ್ದರು. ಆ ತುಲಾಭಾರ ಇಲ್ಲ. ನಾನು ಎಷ್ಟು ತೂಗುತ್ತೇನೆ ಅನ್ನುವುದು ಇವತ್ತು ಬೆಳಿಗ್ಗೆ ಅಡಿಗೆಮನೆಯಲ್ಲೇ ಗೊತ್ತಾಯಿತು. ರೊಕ್ಕ ಕೊಟ್ಟವರು ಹನ್ನೊಂದು ಜನ. ಮಧ್ಯಾಹ್ನ ಎಲ್ಲರನ್ನೂ ಕರೆದು ಕೇಳಿದ್ದೇನೆ, ಹನ್ನೊಂದು ಜನವೂ ಒಪ್ಪಿದ್ದಾರೆ, ಅವರಿಗೆ ಶರಣು. ಇಗೋ, ತೊಂಬತ್ತೆರಡು ಸಾವಿರ ಈ ತಾಟಿನಲ್ಲಿದೆ. ಅಲ್ಲಿ ಮೈಕಿನ ಪೆಟ್ಟಿಗೆಯ ಹಿಂದೆ ಮುಖ ಮುಚ್ಚಿಕೊಂಡು ನಿಂತವನೇ, ಬಾಪ್ಪ ಇಲ್ಲಿ. ನಾಚಬೇಡ, ನಾಚಬೇಕಾದವನು ನೀನಲ್ಲ. ಕೈ ಚಾಚು. ಇದು ದಾನ ಅಲ್ಲ, ಸನ್ಮಾನ ಅಲ್ಲ, ಯಾರೂ ಚಪ್ಪಾಳೆ ಹೊಡೆಯಬೇಡಿ. ಬಾಕಿ ತೀರಿಸಲು ಚಪ್ಪಾಳೆ ಯಾಕೆ?

ನೋಡಿದಿರಾ? ಶುಕ್ರವಾರ ಸಂಜೆ ರೊಕ್ಕ ಹೊರಗೆ ಹೋಯಿತು. ಮಠದ ಗೋಡೆ ಬಿತ್ತೇ? ದೀಪ ಆರಿತೇ? ಏನೂ ಆಗಲಿಲ್ಲ. ಇನ್ನೂ ಸುಮಾರು ಎರಡು ಲಕ್ಷ ಉಳಿದಿದೆ. ಅದನ್ನು ಕೊಡಬೇಕಾದವರು ಈ ಜಮಖಾನೆಯ ಮೇಲೆಯೇ ಕೂತಿದ್ದಾರೆ. ನಿನ್ನೆ ಮನಸ್ಸು ತಣ್ಣಗಾದ ಹಿರಿಯರು ಮುಂದಿನ ಸಾಲಿನಲ್ಲೇ ಇದ್ದಾರೆ. ನಾನು ಅವರ ಕಡೆ ನೋಡುವುದಿಲ್ಲ, ನೀವೂ ನೋಡಬೇಡಿ. ಅವರು ತಮ್ಮನ್ನು ತಾವು ನೋಡಿಕೊಂಡರೆ ಸಾಕು.

ನಾಳೆಯಿಂದ ಏನು ಮಾಡಬೇಕು ಅಂತ ಕೇಳುತ್ತೀರಿ. ಹೇಳುತ್ತೇನೆ. ನಿಮ್ಮ ಮನೆಯ ಪೆಂಡಾಲಿನ ಹಗ್ಗ ಬಿಚ್ಚುವ ಮುಂಚೆ ಪೆಂಡಾಲಿನವನ ರೊಕ್ಕ ಅವನ ಕೈಯಲ್ಲಿ ಇರಬೇಕು. ಹಾಲಿನವಳಿಗೆ, ಬಟ್ಟೆ ಹೊಲಿದವನಿಗೆ, ಗೋಡೆಗೆ ಸುಣ್ಣ ಬಳಿದವನಿಗೆ 'ನಾಳೆ ಬಾ' ಅನ್ನುವ ಮಾತನ್ನು ಇವತ್ತೇ ಬಿಡಿ. ಅವರು ಬಂದು ಕೇಳುವವರೆಗೆ ಕಾಯಬೇಡಿ, ನೀವೇ ಹೋಗಿ ಕೊಟ್ಟು ಬನ್ನಿ. ಮಂಗಳವಾರ ಕೊಡಿ, ಶುಕ್ರವಾರ ಕೊಡಿ, ದೀಪ ಹಚ್ಚಿದ ಮೇಲೆ ಆ ದೀಪದ ಬೆಳಕಿನಲ್ಲೇ ಎಣಿಸಿ ಕೊಡಿ. ಕೊಡದೆ ಮಾಡಿದ ಪೂಜೆಗೆ ನನ್ನನ್ನು ಕರೆಯಬೇಡಿ, ನಾನು ಬರುವುದಿಲ್ಲ.

ಮಂಗಳಾರತಿ ಆದ ಮೇಲೆ ದಿನಾ ನೀವು ಎದ್ದು ಹೋಗುತ್ತಿದ್ದಿರಿ. ಈ ಜಮಖಾನೆಗಳನ್ನು ಅವನು, ಅವನ ಹೆಂಡತಿ ಮಡಚುತ್ತಿದ್ದರು. ಇವತ್ತು ಹಾಗಲ್ಲ. ನೀವು ಕೂತ ಜಮಖಾನೆಯನ್ನು ನೀವೇ ಝಾಡಿಸಿ, ನೀವೇ ಮಡಚಿ, ಅಲ್ಲಿ ನಿಂತಿರುವ ಅವನ ಕೈಗೆ ಕ್ರಮವಾಗಿ ಕೊಟ್ಟು ಹೋಗಿ. ಬಾಕಿ ಇಲ್ಲದವರು ಬರೀ ಜಮಖಾನೆ ಕೊಡಿ. ಬಾಕಿ ಇರುವವರು ಜಮಖಾನೆಯ ಜೊತೆಗೆ ಬಾಕಿ ಕೊಡಿ. ಕೈಯಲ್ಲಿ ರೊಕ್ಕ ಇಲ್ಲದಿದ್ದರೆ ಫೋನು ಇದೆಯಲ್ಲ, ಅದಕ್ಕೆ ಶುಕ್ರವಾರ ಇಲ್ಲ ಅನ್ನುವುದು ನಿಮಗೆ ಆಗಲೇ ಗೊತ್ತಿದೆ. ಸೋಮವಾರ ಹನ್ನೆರಡು ಗಂಟೆಗೆ ಆ ಮೇಡಂ ಖಾನೆ ತೆಗೆಯುತ್ತಾಳೆ. ಆ ಕಾಗದ ಹರಿಯುತ್ತದೋ, ಆ ತಾಯಿಯ ಛಾವಣಿ ಹೋಗುತ್ತದೋ, ಅದು ಈಗ ನನ್ನ ಕೈಯಲ್ಲಿಲ್ಲ. ಏಳಿ. ಜಮಖಾನೆ ಮಡಚಿ.